ಮೂಡಲ್ ನಿರ್ವಹಣೆಗೆ ಕಮಾಂಡ್ ಲೈನ್ ತರಬೇತಿ ಅಗತ್ಯ

ಮಾನ್ಯರೇ,

ಮೂಡಲ್ ಕಲಿಕಾ ವೇದಿಕೆಯನ್ನು ಬಳಸುವ ಹುಬ್ಬಳ್ಳಿ-ಧಾರವಾಡದ ಕಾಲೇಜುಗಳು ಅದರ ನಿರ್ವಹಣೆಯನ್ನು ಬ್ರೌಸರ್‌ಗಷ್ಟೇ ಸೀಮಿತಗೊಳಿಸಬಾರದು. ನಾನು ಪಾಠ ಮಾಡುವ ಕಾಲೇಜಿನಲ್ಲಿ ಸೆಮಿಸ್ಟರ್ ಪರೀಕ್ಷೆಯ ಹೊಸ್ತಿಲಲ್ಲೇ ಬ್ರೌಸರ್ ಮೂಲಕ ಆರಂಭಿಸಿದ ಅಪ್‌ಗ್ರೇಡ್ ಸಮಯಮಿತಿ ಮೀರಿ ಅರ್ಧಕ್ಕೆ ನಿಂತು, ವಿದ್ಯಾರ್ಥಿಗಳಿಗೆ ನೋಟ್ಸ್ ಕೂಡ ಸಿಗದಂತಾಯಿತು. ಸರ್ವರ್‌ಗೆ ಆದೇಶಗಳನ್ನು ಟೈಪ್ ಮಾಡಿ ಕೊಡುವ ಕಮಾಂಡ್ ಲೈನ್‌ನಲ್ಲಿ ನಡೆಯುವ ಪಿಎಚ್‌ಪಿಗೆ (ಮೂಡಲ್ ರಚನೆಯಾಗಿರುವ ಪ್ರೋಗ್ರಾಮಿಂಗ್ ಭಾಷೆ) ಸಾಮಾನ್ಯವಾಗಿ ಸಮಯದ ಮಿತಿ ಇರುವುದಿಲ್ಲವಾದ್ದರಿಂದ, ಡೇಟಾಬೇಸ್ ಬ್ಯಾಕಪ್ ತೆಗೆದು, ವೇದಿಕೆಯನ್ನು ಮೇಂಟೆನೆನ್ಸ್ ಸ್ಥಿತಿಗೆ ತಂದು, 'ಅಡ್ಮಿನ್/ಸಿಎಲ್‌ಐ' ಫೋಲ್ಡರಿನ ಅಪ್‌ಗ್ರೇಡ್ ಸ್ಕ್ರಿಪ್ಟ್ ನಡೆಸಿದರೆ ಈ ತೊಂದರೆ ತಪ್ಪುತ್ತದೆ. ಅಡ್ಮಿನ್ ಪಾಸ್‌ವರ್ಡ್ ಮರೆತರೂ ಅಲ್ಲೇ ಪರಿಹಾರವಿದೆ. ಹಿನ್ನೆಲೆಯ ಕೆಲಸಗಳನ್ನು ತಾನಾಗಿ ನಡೆಸುವ ಕ್ರಾನ್ ಅಂತೂ ನಿಮಿಷಕ್ಕೊಮ್ಮೆ ಓಡಲೇಬೇಕು. ಅದು ನಿಂತರೆ ಶಿಕ್ಷಕರ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಂಡರೂ, ನವಲಗುಂದದಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿಗೆ ಅಸೈನ್‌ಮೆಂಟ್ ಸೂಚನೆಯ ಇಮೇಲ್ ತಲುಪುವುದೇ ಇಲ್ಲ. ಲ್ಯಾಬ್ ಸಿಬ್ಬಂದಿಗೆ ಈ ತರಬೇತಿಯನ್ನು ರಜೆಯಲ್ಲೇ ಕೊಡಿಸಬೇಕೆಂದು ಆಡಳಿತ ಮಂಡಳಿಗಳನ್ನು ಆಗ್ರಹಿಸುತ್ತೇನೆ.

– ಉಪನ್ಯಾಸಕಿ, ಧಾರವಾಡ