ಕಾನೂನು ಕಾಯದ ಒಂದು ತಾರೀಕು

ಫೆಬ್ರವರಿ 9, 2025
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

ಹೋದ ವಾರ ಫೋನಿನಲ್ಲಿ ಅಮ್ಮ, "ನೌಕರಿ, ಓದು, ಸೈನ್ಯ, ಸಂಸಾರ ಎಲ್ಲವನ್ನೂ ಮೈಮೇಲೆ ಹಾಕಿಕೊಂಡಿದ್ದೀಯಲ್ಲ, ಒಂದನ್ನಾದರೂ ಕೈಬಿಡಬಾರದೇನಪ್ಪಾ?" ಎಂದು ಕೇಳಿದಾಗ ನಾನು ಮಾತು ಮರೆಸಿದೆ. ಅದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಾಗಿರಲಿಲ್ಲ. ಇಲ್ಲಿ ಅಮೆರಿಕದ ಮೀಸಲು ಸೇನೆಯ ಈ ತಿಂಗಳ ವಾರಾಂತ್ಯದ ತರಬೇತಿ, ಅಂದರೆ ಡ್ರಿಲ್, ಮುಗಿಸಿಕೊಂಡು ಈಗಷ್ಟೇ ಮನೆಗೆ ಬಂದಿದ್ದೇನೆ; ನಿಮ್ಮ ಸೊಸೆಯೂ ಪುಟ್ಟಿಯೂ ಮಲಗಿದ್ದಾರೆ. ಮೊದಲೇ ಹೇಳಿಬಿಡಬೇಕಾದ ಎರಡು ಸಂಗತಿಗಳಿವೆ. ನನ್ನ ಸ್ನಾತಕೋತ್ತರ ಪದವಿ ಈ ಮೇ ತಿಂಗಳಲ್ಲಿ ಮುಗಿಯುವುದಿಲ್ಲ, 2026ರ ಡಿಸೆಂಬರ್ ಆಗುತ್ತದೆ. ಜೂನ್‌ನಲ್ಲಿ ಊರಿಗೆ ಬರುತ್ತೇನೆಂದು ಕೊಟ್ಟ ಮಾತನ್ನೂ ಉಳಿಸಿಕೊಳ್ಳಲಾಗುತ್ತಿಲ್ಲ. ಎರಡಕ್ಕೂ ಕಾರಣವೇನೆಂದು ವಿವರವಾಗಿ ತಿಳಿಸುವುದು ನನ್ನ ಕರ್ತವ್ಯ.

ಮೀಸಲು ಸೇನೆಯೆಂದರೆ ಏನೆಂದು ಅಪ್ಪ ಬಹಳ ಸಲ ಕೇಳಿದ್ದೀರಿ. ಇಲ್ಲಿಯ ಆರ್ಮಿ ರಿಸರ್ವ್ ಹುಟ್ಟಿದ್ದು 1908ರ ಏಪ್ರಿಲ್‌ನಲ್ಲಿ. ಮನೆಮಠ, ರೋಗಿಗಳು ಎಲ್ಲವನ್ನೂ ನೋಡಿಕೊಂಡಿದ್ದು, ದೇಶ ಕರೆದಾಗ ಸೈನ್ಯಕ್ಕೆ ಬರಲು ಒಪ್ಪಿದ ವೈದ್ಯರ ಪಡೆಯಾಗಿ ಅದು ಆರಂಭವಾಯಿತು. ನಾನು ಸೇರಿರುವುದೂ ವೈದ್ಯಕೀಯ ವಿಭಾಗಕ್ಕೇ ಆದ್ದರಿಂದ ಈ ಇತಿಹಾಸದ ಮೇಲೆ ನನಗೆ ಸ್ವಲ್ಪ ಹೆಚ್ಚೇ ಅಭಿಮಾನ. 2021ರಲ್ಲಿ ನಾನು ಸಹಿ ಮಾಡಿದ ಕರಾರು ಒಟ್ಟು ಎಂಟು ವರ್ಷದ್ದು. ಮೊದಲ ಆರು ವರ್ಷ ತಿಂಗಳಿಗೊಂದು ವಾರಾಂತ್ಯವನ್ನೂ ವರ್ಷಕ್ಕೆ ಸುಮಾರು ಎರಡು ವಾರಗಳ ವಾರ್ಷಿಕ ತರಬೇತಿಯನ್ನೂ ಕೊಡಬೇಕು. ಉಳಿದೆರಡು ವರ್ಷ ಹೆಸರು ಮಾತ್ರ ಪಟ್ಟಿಯಲ್ಲಿರುತ್ತದೆ, ಅಗತ್ಯ ಬಿದ್ದರೆ ಕರೆಯುತ್ತಾರೆ. ಹತ್ತು ವಾರಗಳ ಮೂಲ ತರಬೇತಿಯನ್ನೂ, ಆಮೇಲೆ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿರುವ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿ ಹದಿನಾರು ವಾರಗಳ ಮೆಡಿಕ್, ಅಂದರೆ ಗಾಯಗೊಂಡ ಸೈನಿಕರಿಗೆ ತುರ್ತು ಚಿಕಿತ್ಸೆ ಕೊಡುವವನ, ತರಬೇತಿಯನ್ನೂ ಮುಗಿಸಿದ್ದು ನಿಮಗೆ ನೆನಪಿರಬಹುದು.

"ಯುದ್ಧಕ್ಕೆ ಕಳಿಸುತ್ತಾರೆಯೇ?" ಎಂದು ಅಪ್ಪ ಕೇಳಿದಾಗಲೆಲ್ಲ "ಹಾಗೇನೂ ಇಲ್ಲ" ಎಂದು ತೇಲಿಸಿಬಿಡುತ್ತಿದ್ದೆ. ಅದು ತಪ್ಪು. ರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಣೆಯಾದರೆ ನಮ್ಮಂಥವರನ್ನು ಸತತವಾಗಿ 24 ತಿಂಗಳವರೆಗೆ ಸೇವೆಗೆ ಕರೆಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ, ಕರೆ ಬಂದರೆ ಒಲ್ಲೆನೆನ್ನುವ ಹಾಗಿಲ್ಲ. ನನ್ನ ಹೆಸರಿನಲ್ಲಿ ಐದು ಲಕ್ಷ ಡಾಲರ್‌ಗಳ ಜೀವವಿಮೆಯೂ ಇದೆ. ಈ ಸಾಲನ್ನು ಬರೆಯುವಾಗ ಕೈ ತಡೆಯಿತು. ಆದರೂ ಇದು ನಿಮಗೆ ಬೇರೆ ಯಾರಿಂದಲೋ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಬೇಕು. ಸದ್ಯ ಅಂಥ ಕರೆ ಯಾವುದೂ ಬಂದಿಲ್ಲ.

ನಿಜವಾಗಿ ನಮ್ಮನ್ನು ಸವೆಸುತ್ತಿರುವುದು ಆ ದೊಡ್ಡ ಭಯವಲ್ಲ, ಈ ಸಣ್ಣ ಶನಿವಾರಗಳು. ಡ್ರಿಲ್ ದಿನ ನಾಲ್ಕೂವರೆಗೆ ಎದ್ದು, ದೀಪ ಹಾಕಿದರೆ ಪುಟ್ಟಿ ಎದ್ದುಬಿಡುತ್ತಾಳೆಂದು ಕತ್ತಲಲ್ಲೇ ಬೂಟಿನ ಲಾಡಿ ಕಟ್ಟಿಕೊಂಡು, ಎರಡು ಗಂಟೆ ಕಾರು ಓಡಿಸಿ, ಏಳು ಗಂಟೆಯ ಹಾಜರಿಗೆ ನಿಲ್ಲಬೇಕು. ಎರಡು ದಿನದಲ್ಲಿ ನಾಲ್ಕು ಹಾಜರಿಗಳ ಲೆಕ್ಕ; ಒಂದು ವರ್ಷದೊಳಗೆ ಅನುಮತಿಯಿಲ್ಲದೆ ಒಂಬತ್ತು ತಪ್ಪಿದರೆ ಸೇವೆ ಸರಿಯಾಗಿ ಮಾಡದವನೆಂದು ದಾಖಲಾಗುತ್ತದೆ. ಅರ್ಧ ಗಂಟೆ ಮೊದಲೇ ತಲುಪಿದರೆ ಕಾರಿನಲ್ಲೇ ಕುಳಿತು ಸ್ಟಿಯರಿಂಗಿಗೆ ನೋಟ್ಸ್ ಆನಿಸಿಕೊಂಡು ಓದುತ್ತೇನೆ. ದೇಹದಾರ್ಢ್ಯ ಪರೀಕ್ಷೆಯಲ್ಲಿ ಎರಡು ಮೈಲಿ ಓಟವೂ ಇರುವುದರಿಂದ ವಾರದ ನಡುವೆ ಅಭ್ಯಾಸ ಬಿಡುವಂತಿಲ್ಲ. ಮೆಡಿಕ್ ಪ್ರಮಾಣಪತ್ರ ಉಳಿಸಿಕೊಳ್ಳಲು ಎರಡು ವರ್ಷಕ್ಕೊಮ್ಮೆ ನಲವತ್ತು ಗಂಟೆಗಳ ಪುನರಭ್ಯಾಸ ಬೇರೆ. ತಿಂಗಳಿಗೆ ಎರಡೇ ದಿನವೆಂದು ಸೇರುವಾಗ ಅಂದುಕೊಂಡಿದ್ದೆನಲ್ಲ, ಆ ಎರಡು ದಿನ ಉಳಿದ ದಿನಗಳಿಗೂ ಕೈಚಾಚುತ್ತದೆ.

ಹೋದ ವರ್ಷ ಏನಾಯಿತೆಂದು ನಿಮಗೆ ಹೇಳಿರಲಿಲ್ಲ. ಸಾರ್ವಜನಿಕ ಆರೋಗ್ಯದ ಈ ಪದವಿಗೆ 42 ಕ್ರೆಡಿಟ್ ಬೇಕು. ಎರಡು ವರ್ಷದಲ್ಲಿ ಮುಗಿಸುವ ಹಟದಿಂದ, ಹಗಲು ನೌಕರಿ ಇದ್ದರೂ, ಸೆಮಿಸ್ಟರಿಗೆ ಒಂಬತ್ತರಂತೆ ತೆಗೆದುಕೊಂಡೆ. ಜೈವಿಕ ಸಂಖ್ಯಾಶಾಸ್ತ್ರದ ಮಧ್ಯಾವಧಿ ಪರೀಕ್ಷೆ ಸರಿಯಾಗಿ ಡ್ರಿಲ್ ಶನಿವಾರವೇ ಬಂತು. ಡ್ರಿಲ್ಲನ್ನು ಬೇರೆ ದಿನಕ್ಕೆ ಹಾಕಿಕೊಳ್ಳುವ ಅವಕಾಶವೇನೋ ಇದೆ, ಆದರೆ ಆ ವಾರ ಗುರಿ ಹೊಡೆಯುವ ಅರ್ಹತಾ ಪರೀಕ್ಷೆ ಇದ್ದುದರಿಂದ ಮೇಲಧಿಕಾರಿಗಳು ಬಿಡಲಿಲ್ಲ. ಪ್ರಾಧ್ಯಾಪಕರನ್ನು ಕೇಳಿಕೊಂಡಾಗ, ಅನಾರೋಗ್ಯಕ್ಕೆ ಬಿಟ್ಟು ಬೇರೆ ಯಾವ ಕಾರಣಕ್ಕೂ ವಿನಾಯಿತಿಯಿಲ್ಲವೆಂದು ಮೊದಲು ಹೇಳಿ, ಕೊನೆಗೆ ಸೋಮವಾರ ಬೆಳಿಗ್ಗೆ ಬರೆಯಲು ಒಪ್ಪಿದರು. ಎರಡು ದಿನ ಬಯಲಿನಲ್ಲಿದ್ದು, ಭಾನುವಾರ ನಡುರಾತ್ರಿ ಮನೆ ಸೇರಿ, ಬೆಳಿಗ್ಗೆ ಏಳಕ್ಕೆ ಬರೆದ ಆ ಪರೀಕ್ಷೆಯಿಂದ ಕೋರ್ಸಿನಲ್ಲಿ ನನಗೆ ಸಿ ಶ್ರೇಣಿ ಬಂತು. ಸೈನ್ಯ ನನ್ನ ಓದಿಗೆ ಕ್ರೆಡಿಟ್ಟಿಗೆ 250 ಡಾಲರ್‌ನಂತೆ ನೆರವು ಕೊಡುತ್ತದೆ, ಆದರೆ ಸ್ನಾತಕೋತ್ತರ ತರಗತಿಯಲ್ಲಿ ಬಿ ಗಿಂತ ಕಡಿಮೆ ಬಂದರೆ ಕೊಟ್ಟದ್ದನ್ನು ವಾಪಸು ಪಡೆಯುತ್ತದೆ. ಮೂರು ಕ್ರೆಡಿಟ್ಟಿಗೆ 750 ಡಾಲರ್ ನನ್ನ ಸಂಬಳದಲ್ಲೇ ಮುರಿದುಕೊಂಡರು. ಅದೇ ಕೋರ್ಸನ್ನು ಈ ಸಲ ಮತ್ತೆ ಓದುತ್ತಿದ್ದೇನೆ. ಮುಗಿದಿರುವುದು 21 ಕ್ರೆಡಿಟ್. ಇನ್ನು ಮುಂದೆ ಸೆಮಿಸ್ಟರಿಗೆ ಆರಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ.

ಆದರೆ ಈ ಪತ್ರ ಬರೆಯಲು ಕುಳಿತದ್ದು ನನ್ನ ಸಿ ಶ್ರೇಣಿಯ ದುಃಖ ಹೇಳಿಕೊಳ್ಳುವುದಕ್ಕಲ್ಲ. ನನ್ನ ಬೆನ್ನಿಗೆ ಕಾನೂನುಗಳಿವೆ. ಸೇವೆಗೆ ಹೋದವನ ನೌಕರಿಯನ್ನು ಮಾಲೀಕರು ಕಸಿದುಕೊಳ್ಳಬಾರದೆಂದು 1994ರ ಕಾನೂನು ಹೇಳುತ್ತದೆ. ಮೂವತ್ತು ದಿನಕ್ಕಿಂತ ಹೆಚ್ಚು ಕಾಲ ಸೇವೆಗೆ ಹೋಗಿ ಬಂದ ವಿದ್ಯಾರ್ಥಿಯನ್ನು ಹಿಂದೆ ಇದ್ದ ಸ್ಥಾನದಲ್ಲೇ ಮತ್ತೆ ಸೇರಿಸಿಕೊಳ್ಳಬೇಕೆಂದು 2008ರ ಕಾನೂನು ವಿಶ್ವವಿದ್ಯಾಲಯಗಳಿಗೆ ಕಟ್ಟುಮಾಡಿದೆ. ಒಂದು ಶನಿವಾರದ ಪರೀಕ್ಷೆಗೆ ಆ ರಕ್ಷಣೆ ಇಲ್ಲ, ಅಲ್ಲಿ ಪ್ರಾಧ್ಯಾಪಕರ ಮನಸ್ಸೇ ಕಾನೂನು. ಆದರೂ ನಾನು ಹೋಗಿ ಕೇಳಿಕೊಳ್ಳಲು ಒಂದು ಬಾಗಿಲಾದರೂ ಇತ್ತು. ನಿಮ್ಮ ಸೊಸೆಗೆ ಅದೂ ಇರಲಿಲ್ಲ.

ಆರು ವರ್ಷ ಔಷಧ ವಿಜ್ಞಾನದ ಫಾರ್ಮ್ ಡಿ ಪದವಿ ಓದಿ ಬಂದವಳು ಅವಳು. ಇಲ್ಲಿ ಔಷಧಿಕಾರಳಾಗಿ ಕೆಲಸ ಮಾಡಬೇಕಾದರೆ, ಹೊರದೇಶಗಳಲ್ಲಿ ಓದಿದವರಿಗಾಗಿ ನಡೆಯುವ ಸಮಾನತಾ ಪರೀಕ್ಷೆಯಲ್ಲಿ ಮೊದಲು ತೇರ್ಗಡೆಯಾಗಬೇಕು. ಬೇಕಾದ ದಿನ ಬರೆಯುವ ಪರೀಕ್ಷೆಯಲ್ಲ ಅದು, ವರ್ಷಕ್ಕೆ ಒಂದೆರಡು ಸಲ ಗೊತ್ತಾದ ದಿನ ಮಾತ್ರ ನಡೆಯುತ್ತದೆ. ಹೋದ ವರ್ಷ ಅವಳ ಪರೀಕ್ಷೆಯ ದಿನ ನಾನು ವಿಸ್ಕಾನ್ಸಿನ್‌ನ ಫೋರ್ಟ್ ಮೆಕಾಯ್‌ನಲ್ಲಿ ವಾರ್ಷಿಕ ತರಬೇತಿಯಲ್ಲಿದ್ದೆ. ಪುಟ್ಟಿಯನ್ನು ನೋಡಿಕೊಳ್ಳುತ್ತೇನೆಂದು ಒಪ್ಪಿದ್ದವರಿಗೆ ಹಿಂದಿನ ರಾತ್ರಿ ಜ್ವರ ಬಂತು. ಬೆಳಿಗ್ಗೆ ಅವಳು ಪರೀಕ್ಷೆಗೆ ಹೋಗಲಿಲ್ಲ. ಆ ವಿಷಯ ನನಗೆ ತಿಳಿದದ್ದು ನಾಲ್ಕು ದಿನಗಳ ಮೇಲೆ, ಅದೂ ನಾನೇ ಕೇಳಿದಾಗ. "ನೀವು ಅಲ್ಲಿದ್ದುಕೊಂಡು ಏನು ಮಾಡುವುದಕ್ಕಾಗುತ್ತಿತ್ತು?" ಎಂದಷ್ಟೇ ಅಂದಳು. ಆ ಪುಸ್ತಕಗಳು ಈಗಲೂ ಊಟದ ಮೇಜಿನ ಒಂದು ಮೂಲೆಯಲ್ಲಿವೆ. ನಡುವೆ ಸಿಕ್ಕಿಸಿದ ಬಣ್ಣದ ಚೀಟಿಗಳು ಬಿಸಿಲಿಗೆ ಮಾಸಿವೆ. ನನ್ನ ಓದು ಮುಂದೆ ಹೋಗಬೇಕೆಂದು ಅವಳ ಓದು ಒಂದು ವರ್ಷ ಹಿಂದೆ ಬಿತ್ತು. ಯಾರ ದಾಖಲೆಯಲ್ಲೂ ಅದು ಸೇವೆಯೆಂದು ಬರೆಯಲ್ಪಟ್ಟಿಲ್ಲ.

ಪುಟ್ಟಿಯ ಒಂದು ಸಂಗತಿಯನ್ನೂ ಹೇಳಬೇಕು. ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಟೂರ್ನಿಕೆಟ್ ಎಂಬ ಪಟ್ಟಿಯನ್ನು ನಾನು ಮನೆಯಲ್ಲಿ ಕಟ್ಟಿ ಅಭ್ಯಾಸ ಮಾಡುತ್ತಿರುತ್ತೇನೆ. ಬಿಗಿದ ಹೊತ್ತು ಎಷ್ಟೆಂದು ತಪ್ಪದೆ ಅದರ ಮೇಲೆ ಬರೆಯಬೇಕು. ನಿನ್ನೆ ಬೆಳಿಗ್ಗೆ ಅವಳು ಎದ್ದೇಬಿಟ್ಟಳು. ಬಾಗಿಲ ಬಳಿ ಬಂದು, ತಲೆಯ ರಿಬ್ಬನ್ನನ್ನು ಬೊಂಬೆಯ ತೊಡೆಗೆ ಬಿಗಿಯಾಗಿ ಸುತ್ತಿ, "ಅಪ್ಪಾ, ಈಗ ಎಷ್ಟು ಗಂಟೆ?" ಎಂದು ಕೇಳಿದಳು. ಐದಕ್ಕೆ ಹತ್ತು ನಿಮಿಷವಿದೆ ಎಂದೆ. "ನೀನು ಬರುವಾಗ ಎಷ್ಟಾಗಿರುತ್ತದೆ?" ಎಂದು ಮತ್ತೆ ಕೇಳಿದಳು. ನಾಲ್ಕು ವರ್ಷದ ಮಗುವಿಗೆ ನಾಳೆಯ ರಾತ್ರಿ ಎಂದರೆ ಎಷ್ಟು ದೂರವೆಂದು ಹೇಗೆ ಹೇಳಲಿ?

ಹಾಗಾದರೆ ಸೈನ್ಯವನ್ನೇ ಬಿಡಬಾರದೇ ಎಂದು ಅಮ್ಮ ಕೇಳುತ್ತೀರಿ. 2027ರವರೆಗೆ ಬಿಡುವಂತಿಲ್ಲ, ಬಿಡುವ ಮನಸ್ಸೂ ಇಲ್ಲ. ಮನೆಮಂದಿಗೆಲ್ಲ ಕೈಗೆಟಕುವ ಬೆಲೆಯಲ್ಲಿ ಆರೋಗ್ಯ ವಿಮೆ ಸಿಗುತ್ತಿರುವುದು ಈ ಸೇವೆಯಿಂದಲೇ ಎಂಬುದು ನಿಜ; ಅದಕ್ಕಿಂತ ಹೆಚ್ಚಾಗಿ, ಒಂದು ಜೀವ ಉಳಿಸುವ ವಿದ್ಯೆ ನನ್ನ ಕೈಗೆ ಬಂದದ್ದು ಅಲ್ಲಿ, ಸಾರ್ವಜನಿಕ ಆರೋಗ್ಯ ಓದಬೇಕೆಂಬ ಆಸೆ ಹುಟ್ಟಿದ್ದೂ ಅಲ್ಲಿಯೇ. ಆದರೆ ಆರು ವರ್ಷ ತುಂಬಿದ ಮೇಲೆ ಕರಾರು ಮುಂದುವರಿಸಬೇಕೋ ಬೇಡವೋ ಎಂಬುದನ್ನು ನಾನೊಬ್ಬನೇ ತೀರ್ಮಾನಿಸುವುದಿಲ್ಲ. ಸೇರುವಾಗ ನಿಮ್ಮ ಸೊಸೆಗೆ ತಿಳಿಸಿದ್ದೆ, ಕೇಳಿರಲಿಲ್ಲ. ಈ ಸಲ ಕೇಳುತ್ತೇನೆ.

ಇಲ್ಲಿಯ ಪೌರತ್ವ ಪಡೆದ ಮೇಲೆ, ವೀಸಾ ಇಲ್ಲದೆ ಭಾರತಕ್ಕೆ ಬಂದುಹೋಗಲು ಬಿಡುವ ಒಸಿಐ ಕಾರ್ಡು ಮಾಡಿಸಿಕೊಳ್ಳೆಂದು ಅಪ್ಪ ಹೇಳಿದ್ದಿರಿ. ವಿದೇಶಿ ಸೈನ್ಯದಲ್ಲಿ ಇರುವವರಿಗೂ ನಿವೃತ್ತರಾದವರಿಗೂ ಆ ಕಾರ್ಡು ಕೊಡುವುದಿಲ್ಲ. ಹುಟ್ಟಿದ ಮನೆಗೆ ಬರಲು ಇನ್ನು ನಾನು ವೀಸಾ ಕೇಳಿಕೊಂಡೇ ಬರಬೇಕು. ಇದು ನನಗೆ ಸಣ್ಣ ನೋವಲ್ಲ.

ಈ ವರ್ಷದ ವಾರ್ಷಿಕ ತರಬೇತಿ ಜೂನ್‌ಗೆ ಗೊತ್ತಾಗಿದೆ, ಆದ್ದರಿಂದಲೇ ಊರಿಗೆ ಬರುವುದು ಡಿಸೆಂಬರಿಗೆ ಹೋಯಿತು. ನಿಮ್ಮ ಸೊಸೆ ಈ ವರ್ಷದ ಪರೀಕ್ಷೆಗೆ ಮತ್ತೆ ಹೆಸರು ಕೊಡುವವಳಿದ್ದಾಳೆ. ಆ ದಿನ ನನ್ನ ಡ್ರಿಲ್ ಇರಲಿ, ತರಗತಿ ಇರಲಿ, ಮತ್ತೆ ಅವಳ ತಾರೀಕು ತಪ್ಪಬಾರದು. ಅಪ್ಪ, ಅಮ್ಮ, ನಿಮ್ಮಿಬ್ಬರ ವೀಸಾ ಇನ್ನೂ ಚಾಲ್ತಿಯಲ್ಲಿದೆ. ಪರೀಕ್ಷೆಗೆ ಒಂದು ತಿಂಗಳು ಮುಂಚೆ ಬಂದು, ಅದು ಮುಗಿಯುವವರೆಗಾದರೂ ನಮ್ಮ ಜೊತೆ ಇರಲು ಸಾಧ್ಯವೇ? ಅಮ್ಮನ ಮಂಡಿನೋವಿನ ಬಗ್ಗೆ ಡಾಕ್ಟರನ್ನು ಕೇಳಿಕೊಂಡು, ಯೋಚಿಸಿ ತಿಳಿಸಿ. ಇದನ್ನು ಬರೆಯೆಂದು ಅವಳು ಹೇಳಲಿಲ್ಲ, ಬರೆದಿರುವುದು ಅವಳಿಗೆ ಗೊತ್ತೂ ಇಲ್ಲ. ನೀವು ಒಪ್ಪಿದರೆ ಟಿಕೆಟು ತೆಗೆಸಿದ ಮೇಲೆ ಹೇಳುತ್ತೇನೆ. ದಿನಾಂಕ ಖಚಿತವಾದ ಕೂಡಲೇ ನಿಮಗೆ ಫೋನ್ ಮಾಡುತ್ತೇನೆ.

ಹಿರಿಯರೆಲ್ಲರಿಗೂ ನನ್ನ ನಮಸ್ಕಾರಗಳು, ಕಿರಿಯರಿಗೆ ಆಶೀರ್ವಾದಗಳು.

ಇಂತಿ ನಿಮ್ಮ ಆಶೀರ್ವಾದ ಬೇಡುವ
ಮಗ