ಕಾಮಿಕ್ಸ್ ಬಳಗದ ಸದಸ್ಯರಿಗೆ ಸೂಚನೆ: ಭಾನುವಾರದ ಚರ್ಚೆ

ಆತ್ಮೀಯರೇ,

ಈ ಭಾನುವಾರ ಬ್ಯಾಟ್‌ಮ್ಯಾನ್ ಕಾಮಿಕ್ಸ್‌ನ ಆರ್ಕಮ್ ಮಾನಸಿಕ ಆಸ್ಪತ್ರೆಯ ಕುರಿತು ಚರ್ಚಿಸಲಿದ್ದೇವೆ. 1974ರಲ್ಲಿ ಮೊದಲು ಕಾಣಿಸಿಕೊಂಡ ಈ ಆಸ್ಪತ್ರೆಗೆ ಜೋಕರ್, ಟೂ-ಫೇಸ್ ಮುಂತಾದ ಖಳರು ದಾಖಲಾಗುತ್ತಾರೆ, ತಪ್ಪಿಸಿಕೊಳ್ಳುತ್ತಾರೆ, ಮತ್ತೆ ಸಿಕ್ಕಿಬೀಳುತ್ತಾರೆ. ಗುಣಮುಖರಾಗಿ ಮನೆಗೆ ಹೋಗುವವರು ತೀರ ವಿರಳ. ಜೋಕರನಿಗೆ ಚಿಕಿತ್ಸೆ ನೀಡಬೇಕಾದ ವೈದ್ಯೆಯೇ ಹಾರ್ಲಿ ಕ್ವಿನ್ ಎಂಬ ಅಪರಾಧಿಯಾಗುತ್ತಾಳೆ. ಮನೋರೋಗಿಯೆಂದರೆ ಅಪಾಯ, ಚಿಕಿತ್ಸೆಯೆಂದರೆ ವ್ಯರ್ಥ ಎಂಬ ಭಾವನೆಯನ್ನು ಇಂಥ ಕಥೆಗಳು ದಶಕಗಳಿಂದ ಬಿತ್ತುತ್ತಾ ಬಂದಿವೆ ಎಂಬುದು ನನ್ನ ಖಚಿತ ಅಭಿಪ್ರಾಯ. ವಾಸ್ತವದಲ್ಲಿ ಮಾನಸಿಕ ಕಾಯಿಲೆಯಿರುವ ಬಹುಪಾಲು ಜನ ಯಾರಿಗೂ ಕೇಡು ಮಾಡುವವರಲ್ಲ.

ಹೋಲಿಕೆಗಾಗಿ ಮೂನ್ ನೈಟ್ ಕಥೆಗಳನ್ನೂ ಓದಿಕೊಂಡು ಬನ್ನಿ. ಮೂನ್ ನೈಟ್ ಎಂಬ ಸೂಪರ್ ಹೀರೋ ಆಗಿರುವ ಮಾರ್ಕ್ ಸ್ಪೆಕ್ಟರ್‌ನ ಸ್ಟೀವನ್ ಗ್ರಾಂಟ್, ಜೇಕ್ ಲಾಕ್ಲಿ ಎಂಬ ರೂಪಗಳು ಆರಂಭದಲ್ಲಿ ಬರೀ ವೇಷಗಳಾಗಿದ್ದವು. ಮುಂದಿನ ಲೇಖಕರು ಅವನ್ನು ಒಂದೇ ದೇಹದಲ್ಲಿರುವ ಬೇರೆ ಬೇರೆ ವ್ಯಕ್ತಿತ್ವಗಳೆಂದು ಚಿತ್ರಿಸಿದರು. ಇಲ್ಲಿ ಕಾಯಿಲೆ ನಾಯಕನದು, ಅದರೊಂದಿಗೇ ಅವನು ಬದುಕುತ್ತಾನೆ ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ.

ಚಿಕಿತ್ಸೆ ಪಡೆಯುತ್ತಿರುವವರೂ ಅವರನ್ನು ನೋಡಿಕೊಳ್ಳುತ್ತಿರುವವರೂ ನಮ್ಮ ಬಳಗದಲ್ಲಿ ಇರಬಹುದಾದ್ದರಿಂದ, ಯಾರನ್ನೂ ಈ ಪಾತ್ರಗಳಿಗೆ ಹೋಲಿಸದೆ, ಗೇಲಿಯ ಸ್ಟಿಕ್ಕರ್ ಮತ್ತು ಮೀಮ್‌ಗಳನ್ನು ಹಾಕದೆ ಚರ್ಚಿಸಬೇಕೆಂದು ವಿನಂತಿ. ಚರ್ಚೆಗೆ ಬೇಕೆನಿಸುವ ಪುಟಗಳ ಫೋಟೊಗಳನ್ನು ಶನಿವಾರ ಸಂಜೆಯೊಳಗೆ ಇಲ್ಲಿಯೇ ಹಂಚಿಕೊಳ್ಳಿ.