ಅರ್ಧ ಬರೆದ ಚಿತ್ರ

ವಿಜಯಪುರ

ಚಿ. ಶಾಂಭವಿಗೆ ನಿನ್ನ ಕಾಕಾನ ಆಶೀರ್ವಾದಗಳು. ನಾನೂ ನಿನ್ನ ಕಾಕೂನೂ ಆರಾಮ ಇದ್ದೇವೆ.

ಬೆಳಗಾವಿ ಕೋಟೆಯ ಕಮಲ ಬಸದಿಯ ಚಿತ್ರವನ್ನು ನಿಮ್ಮ ಚಿತ್ರಕಾರರ ಗುಂಪಿಗೆ ಹಾಕಿ, ಮರುದಿನವೇ ಅಳಿಸಿಬಿಟ್ಟೆಯಂತೆ. ಯಾರೋ ‘ಕಲ್ಲು ರಾಡಿ ಕಂಡಂಗ ಕಾಣ್ತದ’ ಅಂದರಂತೆ, ಅವತ್ತಿನಿಂದ ನೀನು ಕುಂಚ ಮುಟ್ಟಿಲ್ಲವಂತೆ. ನಿನ್ನ ಅವ್ವ, ನಮ್ಮ ವೈನಿ, ಹೇಳಿದಾಗ ಜೀವ ಚುರ್ ಅಂದಿತು, ಯಾಕೆಂದರೆ ಇದೇ ತಪ್ಪು ನಾನೂ ಮಾಡಿದ್ದೇನೆ.

ನಿನ್ನಷ್ಟೇ ವಯಸ್ಸಿನಲ್ಲಿ ನಮ್ಮೂರಿನ ಬಾರಾ ಕಮಾನಿನ ಮುಂದೆ ಕೂತು ಒಂದು ಜಲವರ್ಣ ಬರೆದೆ. ಎಡಗಡೆಯ ಕಮಾನುಗಳನ್ನು ಮುಂಜಾನೆ ಬರೆದೆ, ಬಲಗಡೆಯವನ್ನು ಇಳಿಹೊತ್ತಿನಲ್ಲಿ. ಮುಗಿಯುವ ತನಕ ಒಂದು ನರಪಿಳ್ಳೆಗೂ ತೋರಿಸಲಿಲ್ಲ. ಗಾಜು, ಚೌಕಟ್ಟು ಹಾಕಿಸಿ ಪ್ರದರ್ಶನಕ್ಕೆ ಇಟ್ಟಾಗ ಸಾಲಿ ಹುಡುಗನೊಬ್ಬ ಬಹಳ ಹೊತ್ತು ನೋಡಿ, ‘ಇದರಾಗ ಎರಡು ಸೂರ್ಯ ಅದಾವೇನ್ರಿ?’ ಎಂದು ಕೇಳಿದ. ಎಡಗಡೆಯ ನೆರಳು ಒಂದು ದಿಕ್ಕಿಗೆ, ಬಲಗಡೆಯದು ಇನ್ನೊಂದು ದಿಕ್ಕಿಗೆ ಬಿದ್ದಿತ್ತು! ಪೆನ್ಸಿಲ್ ಗೆರೆ ಇದ್ದಾಗ ಯಾರಾದರೂ ನೋಡಿದ್ದರೆ ರಬ್ಬರಿನಲ್ಲೇ ಹೋಗುವ ತಪ್ಪು ಅದು. ಚಿತ್ರವನ್ನು ಟ್ರಂಕಿಗೆ ಹಾಕಿದೆ. ಆಮೇಲೆ ಹನ್ನೊಂದು ವರ್ಷ ಯಾರಿಗೂ ಏನೂ ತೋರಿಸಲಿಲ್ಲ. ಆ ವರ್ಷಗಳ ಹಳಹಳಿ ಇನ್ನೂ ಹೋಗಿಲ್ಲ.

ಡ್ರಾಯಿಂಗ್ ಮಾಸ್ತರನಾದ ಮೇಲೆ ಹುಡುಗರನ್ನು ಗೋಳಗುಮ್ಮಟಕ್ಕಿಂತ ಮೊದಲು ಬಾರಾ ಕಮಾನಿಗೇ ಕರೆದೊಯ್ಯುತ್ತಿದ್ದೆ. 1672ರಲ್ಲಿ ಎರಡನೆಯ ಅಲಿ ಆದಿಲ್ ಶಾಹ ತೀರಿಕೊಂಡ, ಅವನ ಗೋರಿಯ ಕಟ್ಟಡ ಅರ್ಧಕ್ಕೇ ನಿಂತಿತು, ಅದೇ ಬಾರಾ ಕಮಾನು. ಮೇಲೆ ಗುಮ್ಮಟ ಇಲ್ಲದ್ದರಿಂದಲೇ ಕಮಾನು ಹೇಗೆ ಎದ್ದಿತು, ಎಲ್ಲಿ ಬಾಗಿತು ಎಂಬುದು ಮಕ್ಕಳ ಕಣ್ಣಿಗೆ ಬೀಳುತ್ತಿತ್ತು.

ನಿನ್ನ ಚಿತ್ರದ ಫೋಟೋ ವೈನಿ ನನಗೂ ಕಳಿಸಿದ್ದಾರೆ. ರಾತ್ರಿ ಬಲ್ಬಿನ ಕೆಳಗೆ ತೆಗೆದಿದ್ದೀ. ಬರೀ ಕಾಗದವೇ ಅರಿಶಿಣ ಬಳಿದಂತೆ ಕಾಣುತ್ತದೆ, ನೀಲಿ ಸತ್ತುಹೋಗಿದೆ. ಅರ್ಧ ರಾಡಿ ಆ ಬಲ್ಬಿನದು. ಇನ್ನು ಮೇಲೆ ಹಗಲಿನಲ್ಲಿ, ನೇರ ಬಿಸಿಲು ಬೀಳದ ಕಿಡಕಿಯ ಹತ್ತಿರ ಇಟ್ಟು ತೆಗಿ. ಉಳಿದರ್ಧ ನಿನ್ನದೇ, ತಂಗಿ. ನೆರಳಿಗೆಲ್ಲ ಟ್ಯೂಬಿನ ಕಪ್ಪು ಹಾಕಿದ್ದೀ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಕೂಡಿಸಿ ನೋಡು. ನೀಲಿ ಹೆಚ್ಚಾದರೆ ತಣ್ಣಗಿನ ಬೂದಿ, ಸಿಯೆನ್ನಾ ಹೆಚ್ಚಾದರೆ ಬೆಚ್ಚಗಿನದು. ಬಸದಿಯದು 1204ರ ಕಲ್ಲು, ಅದಕ್ಕೆ ಒಂದೇ ಕಪ್ಪು ಸಾಲದು. ‘ರಾಡಿ’ ಅಂದವರ ಮಾತು ಒರಟು, ಸುಳ್ಳಲ್ಲ.

ಜಲವರ್ಣದಲ್ಲಿ ಬಿಳಿ ಅಂದರೆ ಕಾಗದವೇ. ಒಮ್ಮೆ ಮುಚ್ಚಿದ ಬೆಳಕು ಪೂರ್ತಿ ಮರಳಿ ಬರುವುದಿಲ್ಲ. ಆದ್ದರಿಂದ ಪೆನ್ಸಿಲ್ ಗೆರೆಯಾದಾಗ ಒಮ್ಮೆ, ಮೊದಲ ತಿಳಿಬಣ್ಣ ಒಣಗಿದಾಗ ಒಮ್ಮೆ ಗುಂಪಿಗೆ ತೋರಿಸು. ‘ಹೆಂಗದ?’ ಎಂದು ಕೇಳಬೇಡ, ‘ಸೂಪರ್’ ಅಂತಲೇ ಬರುತ್ತದೆ. ‘ಚಾವಣಿಯ ಕಮಲ ಕೆಳಗೆ ಇಳಿದಂತೆ ಕಾಣ್ತದೋ, ಚಪ್ಪಟೆ ಆಗ್ಯದೋ?’ ಎಂದು ಕೇಳು.

ಮೂರು ಮಂದಿ ಬೇರೆಬೇರೆಯಾಗಿ ಒಂದೇ ಜಾಗಕ್ಕೆ ಬೊಟ್ಟು ಮಾಡಿದರೆ ಅಲ್ಲಿ ಏನೋ ಕೆಟ್ಟಿದೆ ಎಂದು ತಿಳಿ. ಅದನ್ನು ಹೇಗೆ ಸರಿಪಡಿಸಬೇಕು ಎಂಬುದು ಮಾತ್ರ ನಿನ್ನ ಕೈಯದು. ಹತ್ತು ಮಂದಿ ಹೇಳಿದ್ದನ್ನೆಲ್ಲ ಮಾಡಲು ಹೋದರೆ ಚಿತ್ರ ಯಾರದೂ ಆಗುವುದಿಲ್ಲ. ಬೇರೆಯವರ ಅರೆಬರೆ ಚಿತ್ರಗಳನ್ನೂ ನೋಡು, ಎರಡು ನಿಮಿಷ ನಿಂತು ನೋಡಿ ಮಾತಾಡು. ನಿನ್ನ ಕಣ್ಣು ಅಲ್ಲಿಯೇ ಹದವಾಗುವುದು.

ಅಳಿಸಿದ್ದು ಫೋಟೋ ಅಷ್ಟೇ, ಹಾಳೆಯನ್ನು ಹರಿದಿಲ್ಲ ತಾನೆ? ಮುಂದಿನ ಸಲ ಬರುವಾಗ ತಗೊಂಡು ಬಾ. ಸುರುಳಿ ಸುತ್ತಬೇಡ, ಎರಡು ರಟ್ಟಿನ ನಡುವೆ ಇಡು. ನನ್ನ ಎರಡು ಸೂರ್ಯದ ಚಿತ್ರವನ್ನೂ ಟ್ರಂಕಿನಿಂದ ತೆಗೆದಿಟ್ಟಿದ್ದೇನೆ, ಮೊದಲು ಅದನ್ನು ನಿಮ್ಮ ಗುಂಪಿಗೆ ಹಾಕೋಣ.

ನಿನ್ನ ಕಾಕಾ